ಮಾವನ ಸ್ಕೂಟರಿನ ಕಾಣದ ಬೆಂಕಿ

ಮೈಮೇಲೆ ಬೆಂಕಿಯ ಜ್ವಾಲೆ ಬರೆಸಿಕೊಂಡಿದ್ದೂ ಎಮ್ಮೆಯೊಂದು ಹಿಂದೆ ಹಾಕಿದ ಸ್ಕೂಟರು ಇಡೀ ಭೂಮಂಡಲದಲ್ಲಿ ಯಾವುದಾದರೂ ಇದ್ದರೆ ಅದು ನನ್ನ ಸೋದರಮಾವನದು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಪಾಪ, ಎಮ್ಮೆ ಬೆದರಿ ಓಡುತ್ತಿತ್ತೇನೋ ಎಂದು ನೀವು ಮಾವನ ಪರ ವಹಿಸಿಕೊಳ್ಳುವ ಅಗತ್ಯವಿಲ್ಲ. ಅದು ಮೆಲುಕು ಹಾಕುತ್ತ, ಬಾಲದಿಂದ ನೊಣ ಓಡಿಸಿಕೊಳ್ಳುತ್ತ, ತನ್ನ ಪಾಡಿಗೆ ತಾನು ಮನೆಗೆ ಹೋಗುತ್ತಿತ್ತು. ಹಿಂದೆ ನನ್ನ ಗಾಡಿಯಲ್ಲಿ ಬರುತ್ತಿದ್ದ ನಾನೇ ಇದನ್ನು ಕಣ್ಣಾರೆ ಕಂಡೆ. ಆಮೇಲೆ ಕೇಳಿದರೆ ಮಾವ, "ಅದಕ್ಕೇನೋ ಅರ್ಜೆಂಟ್ ಇತ್ತು ಕಣಮ್ಮ, ದಾರಿ ಬಿಟ್ಟೆ" ಎಂದರು!

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಆ ಬೆಂಕಿ ಯಾರ ಕಣ್ಣಿಗೂ ಕಾಣುವುದಿಲ್ಲ. ಬಣ್ಣ ಮಾಸಿ ಹೋಗಿದೆ ಅಂತಲ್ಲ. ಕಾಣಬಾರದು ಎಂದೇ ಬರೆಸಿದ್ದು! ಕಾಣಬಾರದಿದ್ದರೆ ಯಾಕೆ ಬರೆಸಬೇಕು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಪೇಂಟರೂ ಕೇಳಿದ. ಉತ್ತರ ತಿಳಿಯಬೇಕಾದರೆ ಮೊದಲು ನಮ್ಮ ಮಾವ ಎಂಥವರು ಎಂದು ತಿಳಿಯಬೇಕು.

ಮಾವ ದೊಡ್ಡಬೆಳವಂಗಲದವರು. ಸರ್ಕಾರಿ ಬಸ್ಸಿನ ಡ್ರೈವರಾಗಿ ರಿಟೈರಾದವರು. ಅವರ ಸರ್ವಿಸ್ಸಿನಲ್ಲಿ ಒಂದು ಕೋಳಿಗೂ ಗಾಯವಾಗಿಲ್ಲ. ಆಗುವುದಾದರೂ ಹೇಗೆ? ಇವರ ಬಸ್ಸು ಬರುವಷ್ಟರಲ್ಲಿ ಆ ಕೋಳಿ ರಸ್ತೆ ದಾಟಿ, ಮೊಟ್ಟೆಯಿಟ್ಟು, ಕಾವಿಗೂ ಕೂತಿರುತ್ತಿತ್ತು! ಒಂದು ಸಲ ಒಬ್ಬಾಕೆ ಬಸ್ಸಿಳಿದು ಮನೆಗೆ ಹೋದ ಮೇಲೆ ಕೊಡೆ ಬಸ್ಸಲ್ಲೇ ಮರೆತದ್ದು ನೆನಪಾಯಿತಂತೆ. ಹೊಲದ ಅಡ್ಡದಾರಿಯಲ್ಲಿ ನಡೆದು ಮುಂದಿನ ಸ್ಟಾಪಿಗೆ ಹೋದಳಂತೆ. ಅಲ್ಲಿ ಬಸ್ಸಿಗಾಗಿ ಸ್ವಲ್ಪ ಹೊತ್ತು ಕಾದು, ಬಂದ ಮೇಲೆ ಕೊಡೆ ಇಸಕೊಂಡು ವಾಪಸ್ ಹೋದಳಂತೆ. ಅವರ ಜೊತೆ ಡ್ಯೂಟಿ ಬಿದ್ದ ಕಂಡಕ್ಟರುಗಳು ಮಧ್ಯಾಹ್ನದ ಬುತ್ತಿಯ ಜೊತೆ ಸಂಜೆಗೂ ಒಂದಿಷ್ಟು ಕಟ್ಟಿಸಿಕೊಂಡು ಬರುತ್ತಿದ್ದರು ಎನ್ನುವುದು ನಮ್ಮ ಮನೆತನದಲ್ಲಿ ಪ್ರಚಲಿತವಿರುವ ಮಾತು.

ಇಂಥವರು ರಿಟೈರಾದ ಮೇಲೆ ಒಂದು ಸ್ಕೂಟರು ಕೊಂಡರು. ಬಣ್ಣ ಆರಿಸಿದ್ದು ಅತ್ತೆ. ಕಡುನೀಲಿ. "ಕೊಳೆ ಕಾಣಲ್ಲ" ಎನ್ನುವುದು ಅತ್ತೆಯ ತರ್ಕ. ಅದಾದ ಸ್ವಲ್ಪ ದಿನಕ್ಕೆ ಮಾವನಿಂದ ನನಗೆ ಫೋನ್ ಬಂತು. ನಾನು ದೇವನಹಳ್ಳಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತ ಮೊದಲೇ ತಲೆ ಕೆಟ್ಟು ಹೋಗಿತ್ತು.

"ನೋಡಮ್ಮ, ನಿಂಗೆ ಕೋನ ಗೀನ ಎಲ್ಲ ಬರ್ತದಲ್ಲ?" ಮಾವನ ದನಿ ಪಿಸುಪಿಸು ಎನ್ನುತ್ತಿತ್ತು.

"ಬರ್ತದೆ. ಅದ್ರಲ್ಲೇ ಹೊಟ್ಟೆ ಹೊರೀತಿದೀನಿ. ಯಾಕ್ ಮಾವ?"

"ಸೂರ್ಯನ ಬಿಸಿಲು ಎಷ್ಟು ಡಿಗ್ರೀಲಿ ಬಿದ್ರೆ ಒಂದ್ ವಸ್ತು ಕಾಣಲ್ಲ?"

"ಯಾವ ವಸ್ತು?"

"ಬೆಂಕಿ" ಎಂದು ಹೇಳಿ ಫೋನ್ ಇಟ್ಟೇಬಿಟ್ಟರು. ಅತ್ತೆ ಬಂದಿರಬೇಕು!

ನಾನು ಗಾಬರಿಯಾಗಿ ಭಾನುವಾರ ಬೆಳಿಗ್ಗೆಯೇ ಗಾಡಿ ಹತ್ತಿ ದೊಡ್ಡಬೆಳವಂಗಲಕ್ಕೆ ಹೋದೆ. ಮಾವ ನನ್ನನ್ನು ಒಳಗೂ ಕರೆಯದೆ, "ಸ್ಕೂಟರ್ ಸರ್ವೀಸಿಗೆ ಬಿಡ್ಬೇಕು, ಇವ್ಳೂ ಬರ್ತಾಳೆ" ಎಂದು ಅತ್ತೆಗೆ ಕೂಗಿ ಹೇಳಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೊರಟರು. ದಾರಿ ದೊಡ್ಡದಲ್ಲ. ಆದರೆ ಮಾವನ ಸ್ಪೀಡಿನಲ್ಲಿ ಅವರ ಇಡೀ ಕತೆ ಕೇಳುವಷ್ಟು ಸಮಯ ನನಗೆ ಧಾರಾಳವಾಗಿ ಸಿಕ್ಕಿತು.

ಕತೆ ಇಷ್ಟು. ಮಾವನಿಗೆ ಹರೆಯದಿಂದಲೂ ಬೆಂಕಿಯ ಚಿತ್ರದ ಹುಚ್ಚು. ಯಾವನೋ ಬೈಕಿನವನು ಪೆಟ್ರೋಲ್ ಟ್ಯಾಂಕಿನ ಮೇಲೆ ಜ್ವಾಲೆ ಬರೆಸಿಕೊಂಡು ನಂದಿಬೆಟ್ಟದ ಕಡೆ ಬುರ್ ಎಂದು ಹೋದದ್ದನ್ನು ಕಂಡಾಗ ಹಿಡಿದ ಹುಚ್ಚಂತೆ. ಆಗ ಇವರಲ್ಲಿದ್ದದ್ದು ಸೈಕಲ್ಲು. ಅದರ ಚೈನ್ ಕವರಿಗೇ ಒಂದು ಜ್ವಾಲೆಯ ಸ್ಟಿಕರ್ ಅಂಟಿಸಿಕೊಂಡು, ಹೊಸದಾಗಿ ಮದುವೆಯಾದ ಹೆಂಡತಿಯನ್ನು ಕರೆತರಲು ಕುಂದಾಣದ ಹತ್ತಿರದ ಅವರ ತವರಿಗೆ ಹೋದರು. ಅತ್ತೆ ಆ ಸ್ಟಿಕರ್ ನೋಡಿದ್ದೇ ತಡ, "ಬೆಂಕಿ ಮೇಲೆ ಕೂರಿಸ್ಕೊಂಡು ಹೋಗಕ್ಕೆ ಬಂದ್ರಾ?" ಎಂದು ಸೈಕಲ್ ಹತ್ತಲು ಒಪ್ಪದೆ ಬಸ್ ಸ್ಟಾಪಿನ ದಾರಿ ಹಿಡಿದು ನಡೆದೇ ಬಿಟ್ಟರಂತೆ. ಮಾವ ಅಲ್ಲೇ ರಸ್ತೆಯಂಚಿನಲ್ಲಿ ಕೂತು ಉಗುರಿನಿಂದ ಕೆರೆದು ಕೆರೆದು ಆ ಸ್ಟಿಕರ್ ಕಿತ್ತು ಹಾಕಿದರು. ಅಷ್ಟರಲ್ಲಿ ಬಸ್ಸು ಬಂದು ಅತ್ತೆ ಹತ್ತಿ ಹೋಗಿದ್ದರು. ಹೊಸ ಮದುಮಗ ಖಾಲಿ ಸೈಕಲ್ಲಿನಲ್ಲಿ ಬಸ್ಸಿನ ಹಿಂದೆ ಹಿಂದೆ ಬಂದ!

ನಗಬೇಡಿ. ಅತ್ತೆಯ ಭಯಕ್ಕೆ ಕಾರಣವಿತ್ತು. ಅವರು ಸಣ್ಣವರಿದ್ದಾಗ ಮನೆಯ ಹಿಂದಿನ ಹುಲ್ಲಿನ ಮೆದೆಗೆ ಬೆಂಕಿ ಬಿದ್ದು, ಪಕ್ಕದ ಕೊಟ್ಟಿಗೆಗೂ ಹತ್ತಿಕೊಂಡಿತ್ತು. ತಾವೇ ಹುಲ್ಲು ತಿನ್ನಿಸಿ ಸಾಕಿದ್ದ ಕರುವನ್ನು ಬಿಡಿಸಲಾಗದೆ ಹೊರಗೆ ನಿಂತು ನೋಡಿದವರು. ಅಂದಿನಿಂದ ಬೆಂಕಿ ಭಗ್ಗೆನ್ನುವ ಆ ಒಂದು ಗಳಿಗೆ ಅವರಿಗೆ ಆಗದು. ಮಂಗಳಾರತಿಗೆ ಕರ್ಪೂರ ಹಚ್ಚಿದರೆ ದೇವರಿಗೂ ಬೆನ್ನು ಮಾಡಿ ನಿಲ್ಲುತ್ತಾರೆ. ಅಡುಗೆಯೇನೋ ಊರೇ ಮೆಚ್ಚುವಂತೆ ಮಾಡುತ್ತಾರೆ. ಆದರೆ ಒಲೆ ಹಚ್ಚುವುದು ಮದುವೆಯಾದಾಗಿನಿಂದ ಮಾವನ ಕೆಲಸ. ಬೆಳಗಿನ ಮೊದಲ ಟ್ರಿಪ್ಪಿದ್ದರೆ ಎದ್ದು ಗ್ಯಾಸ್ ಹಚ್ಚಿ, ಉರಿ ಸಣ್ಣ ಮಾಡಿ, ಮೇಲೆ ನೀರಿನ ಪಾತ್ರೆ ಇಟ್ಟೇ ಡ್ಯೂಟಿಗೆ ಹೋಗುತ್ತಿದ್ದರು.

"ಹಾಗಿದ್ಮೇಲೆ ಈಗ ಈ ವಯಸ್ಸಲ್ಲಿ ಬೆಂಕಿ ಚಿತ್ರ ಯಾಕ್ ಬೇಕು ಮಾವ? ಗಣೇಶನ್ನ ಬರೆಸ್ಕೊಳಿ. ಇಲ್ಲಾ ಒಂದ್ ಗಿಣಿ ಬರೆಸ್ಕೊಳಿ" ಎಂದೆ ನಾನು.

"ಗಿಣಿ ಬೇಕಾಗಿಲ್ಲ ಕಣಮ್ಮ ನಂಗೆ. ಇಷ್ಟು ವರ್ಷ ಓಡಿಸಿದ್ದು ಯಾವ್ದೂ ನಂದಲ್ಲ. ಡಿಪೋದವ್ರು ಯಾವ್ ಬಸ್ ಕೊಟ್ರೆ ಅದು, ಯಾವ್ ಬಣ್ಣ ಬಳಿದ್ರೆ ಅದು. ಇದೊಂದು ನಂದು."

"ಅತ್ತೆ ನೋಡಿದ್ರೆ?"

ಮಾವ ಉತ್ತರ ಹೇಳಲು ಸ್ಕೂಟರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಯೇ ಬಿಟ್ಟರು. (ನಿಲ್ಲಿಸಿದ್ದು ನನಗೆ ತಕ್ಷಣ ಗೊತ್ತಾಗಲಿಲ್ಲ. ಚಲಿಸುವುದಕ್ಕೂ ನಿಲ್ಲುವುದಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.) "ಅದೇ ಹೆದರಿಕೆ. ನಾನು ಡ್ರೈವರು. ಊರಿನ ಹೆಂಗಸ್ರನ್ನೆಲ್ಲ ಕೂರಿಸ್ಕೊಂಡು ಊರೂರು ತಿರುಗಿಸ್ದೆ. ನನ್ನ ರೂಟೇ ಬೇರೆ ಕಡೆ ಬಿದ್ದಿದ್ರಿಂದ ನಿಮ್ಮತ್ತೆ ಮಾತ್ರ ಯಾವಾಗ್ಲೂ ಇನ್ನೊಬ್ಬ ಡ್ರೈವರ್ ಬಸ್ಸಲ್ಲೇ ಓಡಾಡಿದ್ಲು. ಈಗ ಹಿಂದೆ ಕೂರ್ತಾಳೆ. ಇದನ್ನ ನೋಡಿ ಇಳಿದುಬಿಟ್ರೆ ಮತ್ತೆ ಹತ್ತಲ್ಲ ಅವಳು. ನಂಗೆ ಗೊತ್ತು."

ಆದ್ದರಿಂದ ಮಾವ ಕಂಡುಹಿಡಿದ ಉಪಾಯವೇ ಇದು: ಬೆಂಕಿ ಇರಬೇಕು, ಆದರೆ ಕಾಣಬಾರದು. ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ. ಗಾಡಿಯದೇ ಬಣ್ಣ, ಅದರಲ್ಲೇ ಒಂದು ಕೂದಲೆಳೆಯಷ್ಟು ಬೇರೆ ಛಾಯೆ, ಮೇಲೆ ಮುತ್ತಿನ ಹೊಳಪಿನ ಪುಡಿ. ನೆರಳಲ್ಲಿ ನಿಂತರೆ ಬರೀ ನೀಲಿ. ಓರೆ ಬಿಸಿಲು ಬಿದ್ದರೆ ಮಾತ್ರ ಒಳಗಿಂದ ಜ್ವಾಲೆ ಏಳುತ್ತದೆ. ಗಣಿತದ ಮೇಡಂ ಯಾಕೆ ಬೇಕಾದಳು ಎಂದು ನನಗೆ ಆಗ ಅರ್ಥವಾಯಿತು.

ಪೇಂಟರ್ ಮುನಿರಾಜಣ್ಣನ ಅಂಗಡಿ ದೊಡ್ಡಬಳ್ಳಾಪುರದ ಒಂದು ಗಲ್ಲಿಯಲ್ಲಿತ್ತು. ಲಾರಿಗಳ ಹಿಂದೆ ಹುಲಿ, ಹದ್ದು, ಅಪ್ಪ ಅಮ್ಮನ ಆಶೀರ್ವಾದ ಬರೆದು ಸುತ್ತಮುತ್ತ ಹೆಸರು ಮಾಡಿದ್ದ ಆಸಾಮಿ. ಗುಟ್ಟಿನ ಕೆಲಸಕ್ಕೆ ಮಾವ ಆರಿಸಿದ ಜಾಗವಾದರೂ ಎಂಥದು ನೋಡಿ! ಆ ಅಂಗಡಿಯ ಎರಡೂ ಪಕ್ಕ, ಎದುರು, ಹಿಂದೆ, ಎಲ್ಲೆಲ್ಲೂ ಪವರ್‌ಲೂಮ್ ಮಗ್ಗಗಳು. ಖಟಾಪಟ್ ಖಟಾಪಟ್ ಎಂಬ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳದು. ಅಲ್ಲಿ ಗುಟ್ಟು ಹೇಳಬೇಕಾದರೂ ಗಂಟಲು ಹರಿಯುವಂತೆ ಕಿರುಚಬೇಕು.

"ಬೆಂಕಿ ಬರೀಬೇಕು!" ಎಂದು ಮಾವ ಕಿರುಚಿದರು.

"ಬರ್ದಾಕುವಾ ಯಜಮಾನ್ರೇ! ಹಳದಿ, ಕೇಸರಿ, ಕೆಂಪು! ನಿಮ್ ಗಾಡಿ ನೋಡ್ದೋರು ನೀರು ತಗೊಂಡು ಓಡ್ಬರ್ಬೇಕು, ಹಂಗ್ ಬರೀತೀನಿ!"

"ಹಂಗಲ್ಲಪ್ಪಾ! ನೀಲಿ ಮೇಲೆ ನೀಲಿ!"

"ನೀಲಿ ಬೆಂಕಿ ಎಲ್ಲೈತೆ ಸಾರ್?"

"ನಿಮ್ಮನೇಲಿ ಗ್ಯಾಸ್ ಹಚ್ಚಲ್ವೇನಪ್ಪಾ?"

ಮುನಿರಾಜಣ್ಣ ತಬ್ಬಿಬ್ಬಾದ. ಆದರೂ ಕಲಾವಿದನಲ್ಲವೇ, ಬಿಟ್ಟುಕೊಡಲಿಲ್ಲ. "ಕಾಣ್ದೇ ಇರೋ ಕೆಲ್ಸ ಮಾಡಿದ್ರೆ ನನ್ ಹೆಸ್ರು ಏನಾಗ್ಬೇಕು? ಬೇಕಾದ್ರೆ ಹೊಗೆ ಬರೀಲಾ? ಹೊಗೆ ಆದ್ರೆ ಅಷ್ಟಾಗಿ ಕಾಣಾಕಿಲ್ಲ!"

ಮಾವನ ಸಹನೆ ಮುಗಿಯಿತು. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಹೊಟ್ಟೆಯಿಂದ ಉಸಿರೆಳೆದುಕೊಂಡು, "ನನ್ ಹೆಂಡ್ತಿಗೆ ಗೊತ್ತಾಗ್ಬಾರ್ದು ಕಣಯ್ಯಾ!" ಎಂದು ಕೂಗಿದರು.

ಸರಿಯಾಗಿ ಅದೇ ಕ್ಷಣಕ್ಕೆ ಕರೆಂಟು ಹೋಯಿತು.

ಗಲ್ಲಿಯ ಮಗ್ಗಗಳೆಲ್ಲ ಒಂದೇ ಸಲ ಗಪ್ಪೆಂದು ನಿಂತವು. ಆ ನಿಶ್ಶಬ್ದದಲ್ಲಿ ಮಾವನ ಕೂಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂತು. ಮಗ್ಗದ ಮನೆಗಳ ಬಾಗಿಲಲ್ಲಿ ಒಂದೊಂದೇ ತಲೆ ಹೊರಬಂತು. ಒಬ್ಬ ಹೆಂಗಸಂತೂ ಮೊದಲು ಮಾವನನ್ನು ನೋಡಿ, ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲ ಕೆಟ್ಟೋಯ್ತು" ಎಂದು ಬಾಗಿಲು ಹಾಕಿಕೊಂಡಳು!

"ನಾನು ಅವರ ಅಕ್ಕನ ಮಗಳು!" ಎಂದು ನಾನು ಕೂಗುವಷ್ಟರಲ್ಲಿ ಕರೆಂಟು ಬಂದು ಮಗ್ಗಗಳು ಶುರುವಾದವು. ನನ್ನ ಮಾನದ ವಿಚಾರ ಆ ಬೀದಿಯಲ್ಲಿ ಇವತ್ತಿಗೂ ಇತ್ಯರ್ಥವಾಗದೆ ಉಳಿದಿದೆ.

ಕೆಲಸ ಮುಗಿದ ದಿನ ಸ್ಕೂಟರ್ ತರಲು ಮತ್ತೆ ನಾನೇ ಜೊತೆ. ಮುನಿರಾಜಣ್ಣ ಅಂಗಡಿಯೊಳಗೆ ಬಟ್ಟೆ ಸರಿಸಿ ತೋರಿಸಿದ. ಸೀಟಿನ ಕೆಳಗೆ ಎಡಕ್ಕೂ ಬಲಕ್ಕೂ ಜ್ವಾಲೆ ಬರೆದಿದ್ದೇನೆ ಎಂದ. ಮಾವ ನೋಡಿದರು. ನಾನು ನೋಡಿದೆ. ಬಗ್ಗಿ ನೋಡಿದೆವು, ಕೂತು ನೋಡಿದೆವು. ಬರೀ ನೀಲಿ!

"ಎಲ್ಲಪ್ಪಾ?"

"ಐತೆ ಸಾರ್."

"ಬರ್ದಿದೀಯೋ ಇಲ್ವೋ ಅನ್ನೋದಕ್ಕೆ ಸಾಕ್ಷಿ ಏನು?"

"ಕಾಣ್ಬಾರ್ದು ಅಂದೋರು ನೀವು. ಈಗ ಕಾಣಲ್ಲ ಅಂತ ಜಗಳ ತೆಗೀತೀರಲ್ಲ ಯಜಮಾನ್ರೇ!"

ಸರಿ, ಬಿಸಿಲಿಗೆ ತಂದು ನಿಲ್ಲಿಸಿದೆವು. ಆಗಲೇ ಮೋಡ ಮುಸುಕಬೇಕೇ? ಮೂವರೂ ಆಕಾಶ ನೋಡುತ್ತ ನಿಂತೆವು. ನಮ್ಮನ್ನು ನೋಡಿ ದಾರಿಹೋಕರೂ ನಿಂತು ಆಕಾಶ ನೋಡತೊಡಗಿದರು. ಒಬ್ಬಾತ "ಗ್ರಹಣ ಐತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೈಯಲ್ಲಿದ್ದ ಬಜ್ಜಿ ಎಸೆದ! ಕೊನೆಗೆ ಮೋಡ ಸರಿದು ಸಂಜೆಯ ಬಿಸಿಲು ಓರೆಯಾಗಿ ಬಿತ್ತು ನೋಡಿ, ನೀಲಿಯೊಳಗಿನಿಂದ ನೀಲಿಯ ನಾಲಿಗೆಗಳು ಮೆಲ್ಲಗೆ ಎದ್ದವು. ಒಂದು ಚಿಕ್ಕದು, ಒಂದು ದೊಡ್ಡದು, ಗಾಳಿಗೆ ಹಿಂದಕ್ಕೆ ಬಾಗಿದಂತೆ ತುದಿ ಚೂಪಾಗಿ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅಲ್ಲಿಗೆ ಸಂತೋಷ ಮುಗಿದು ಪಾಡು ಶುರುವಾಯಿತು.

ಅತ್ತೆ ಸ್ಕೂಟರಿನ ಮೇಲೆ ಕೂತಿರುವಷ್ಟು ಹೊತ್ತು ಅಪಾಯವಿಲ್ಲ. ಕೂತವರಿಗೆ ಕಾಲ ಕೆಳಗಿನದು ಕಾಣದು. ಅಪಾಯವಿರುವುದು ಹತ್ತುವಾಗ ಮತ್ತು ಇಳಿಯುವಾಗ. ಹಾಗಾಗಿ ಮಾವ ಎಲ್ಲಿಗೆ ಹೋದರೂ ನೆರಳು ಹುಡುಕಿಯೇ ನಿಲ್ಲಿಸಬೇಕು. ತರಕಾರಿ ಅಂಗಡಿ ಇಲ್ಲಿದ್ದರೆ ಸ್ಕೂಟರು ಅಷ್ಟು ದೂರದ ಹುಣಸೆ ಮರದ ಕೆಳಗೆ! ಅಲ್ಲಿಂದ ಅತ್ತೆ ಚೀಲ ಹಿಡಿದು ನಡೆಯಬೇಕು. "ಇಷ್ಟು ನಡೆಯೋದಾದ್ರೆ ಸ್ಕೂಟರ್ ಯಾಕ್ರೀ ಬೇಕಿತ್ತು?" ಎಂದು ಅತ್ತೆ ಕೇಳಿದರೆ, "ಬಿಸಿಲಿಗೆ ಸೀಟು ಕಾಯ್ತದೆ, ನಿಂಗೇ ಸುಡ್ತದೆ" ಎನ್ನುತ್ತಿದ್ದರು. ಮರವಿಲ್ಲದ ಕಡೆ ಹೆಗಲ ಟವೆಲ್ ತೆಗೆದು ಸ್ಕೂಟರಿಗೆ ಹೊದಿಸುತ್ತಿದ್ದರು. ಟವೆಲ್ ಒಂದು ಪಕ್ಕಕ್ಕೆ ಮಾತ್ರ ಸಾಲುತ್ತಿದ್ದುದರಿಂದ ಇನ್ನೊಂದು ಪಕ್ಕಕ್ಕೆ ತಾವೇ ಅಡ್ಡ ನಿಲ್ಲುತ್ತಿದ್ದರು. ನನಗಂತೂ ದಿನಾ ಫೋನು. "ನಾಳೆ ಮೂರೂವರೆಗೆ ನೆಲಮಂಗಲದಲ್ಲಿ ನೆರಳು ಯಾವ್ ಕಡೆ ಬೀಳ್ತದಮ್ಮ?" ಎಂದರೆ ನಾನು ಏನೆಂದು ಹೇಳಲಿ? ಹತ್ತನೇ ಕ್ಲಾಸಿನ ಮಕ್ಕಳೂ ನನ್ನನ್ನು ತ್ರಿಕೋನಮಿತಿಯಲ್ಲಿ ಇಷ್ಟು ಗೋಳು ಹುಯ್ದುಕೊಂಡವರಲ್ಲ!

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅತ್ತೆ ಮನೆಯಲ್ಲಿದ್ದಾಗ ಮಾವನಿಗೆ ತದ್ವಿರುದ್ಧ ಕಾಯಿಲೆ. ಯಾರೂ ನೋಡುತ್ತಿಲ್ಲವಲ್ಲ ಎಂಬ ಕೊರಗು! ಬೆಳಗಿನ ಎಳೆ ಬಿಸಿಲಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿಕೊಂಡು, ಬಂದವರನ್ನೆಲ್ಲ ಹಿಡಿದು, "ಇಲ್ಲಿ ಬಗ್ಗಪ್ಪಾ. ಇನ್ನೊಂಚೂರು. ಈಗ ಒಂದ್ ಕಣ್ಣು ಮುಚ್ಚು. ಏನಾದ್ರೂ ಕಾಣ್ತದಾ?" ಎನ್ನುತ್ತಿದ್ದರು. ಜನರೇನು ಬೆಂಕಿ ನೋಡಲು ಬಂದವರೇ? "ಅಯ್ಯೋ, ಯಾವನ್ ಸಾರ್ ಗೀರಿದ್ದು?" ಎಂದೊಬ್ಬ ಕೇಳಿದ. ಇನ್ನೊಬ್ಬ ಹತ್ತಿರ ಬಂದು ಕಿವಿಯಲ್ಲಿ, "ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಗುರುಗಳೇ, ಹೋಗ್ಬಿಡ್ತದೆ" ಎಂದು ಉಪಕಾರ ಮಾಡಿದ. ಮಾವ ಎರಡು ದಿನ ಟೀ ಅಂಗಡಿಯ ಕಡೆ ಹೋಗಲಿಲ್ಲ. ಕಂಡರೆ ಹೆದರಿಕೆ, ಕಾಣದಿದ್ದರೆ ದುಃಖ. ಇಂಥ ಮನುಷ್ಯನನ್ನು ಏನು ಮಾಡೋಣ ಹೇಳಿ!

ಆವತಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದದ್ದು ಈ ನಡುವೆಯೇ. ಆ ಎಮ್ಮೆಯ ಪ್ರಸಂಗ ನಡೆದದ್ದೂ ಅಲ್ಲಿಗೆ ಹೋಗುವ ದಾರಿಯಲ್ಲೇ. ಎಮ್ಮೆಯ ನಂತರ ನಾವು ತಲುಪಿದೆವು. ಊಟ ಮುಗಿಸಿ ಹೊರಡುವಾಗ ಸಂಜೆಯಾಗಿತ್ತು. ಮಧ್ಯಾಹ್ನ ನೆರಳಿದ್ದ ಜಾಗಕ್ಕೆ ಬಿಸಿಲು ಬಂದುಬಿಟ್ಟಿತ್ತು! ಮಾವ ಊಟದ ಸಂಭ್ರಮದಲ್ಲಿ ಇದನ್ನು ಮರೆತಿದ್ದರು. ನಾವೆಲ್ಲ ಅಂಗಳಕ್ಕೆ ಬರುವ ಹೊತ್ತಿಗೆ, ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಮ್ಮ, "ಅದೇನ್ಲಾ ನಿನ್ ಗಾಡೀಲಿ ಝಗ್ ಅಂತೈತೆ?" ಎಂದು ಬಿಟ್ಟರು.

ಮಾವ ಹಾರಿ ಸ್ಕೂಟರಿಗೆ ಅಡ್ಡ ನಿಂತರು. ಅವರ ಇಡೀ ಜೀವಮಾನದಲ್ಲಿ ಅವರು ತೋರಿಸಿದ ಏಕೈಕ ವೇಗ ಅದು. "ಎಣ್ಣೆ! ಎಣ್ಣೆ ಚೆಲ್ಲಿದೆ ಅಷ್ಟೇ!" ಎಂದರು.

"ಎಣ್ಣೆನಾ?" ಎಂದರು ಅತ್ತೆ. ಅಷ್ಟೇ. ಹತ್ತಿ ಕೂತರು.

ಮಾವ ಬದುಕಿದೆ ಎಂದುಕೊಂಡರು. ಆದರೆ ಎಣ್ಣೆ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ಅತ್ತೆಯದಲ್ಲ. ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪು, ತೆಂಗಿನ ನಾರು, ಒಂದು ಬಕೆಟ್ ಬಿಸಿನೀರು ಹಿಡಿದು ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತೇ ಬಿಟ್ಟರು. ಮಾವ ಜಗಲಿಯ ಮೇಲೆ ನಿಂತು ನನಗೆ ಫೋನ್ ಮಾಡಿದರು. "ಉಜ್ತಿದಾಳೆ ಕಣಮ್ಮ. ತೆಂಗಿನ ನಾರಲ್ಲಿ ಉಜ್ತಿದಾಳೆ!" ಎಂಬ ಅವರ ದನಿ ಅಳುವಂತಿತ್ತು. ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಗುಟ್ಟು ರಟ್ಟು. ಬಾಯಿಗೆ ಬೀಗ ಹಾಕಿಕೊಂಡು ತಮ್ಮ ಬೆಂಕಿಯನ್ನು ತಮ್ಮ ಹೆಂಡತಿಯೇ ತಿಕ್ಕುವುದನ್ನು ನೋಡುತ್ತ ನಿಂತರು. ಮುನಿರಾಜಣ್ಣನ ಕೈಗುಣ ದೊಡ್ಡದು, ಜ್ವಾಲೆಗೆ ಏನೂ ಆಗಲಿಲ್ಲ. ಉಜ್ಜಿದ ಮೇಲೆ ಅತ್ತೆ ನಾರು ಪಕ್ಕಕ್ಕಿಟ್ಟು, ಅಂಗೈಯಿಂದ ಒಂದು ಸಲ ನಿಧಾನವಾಗಿ ಸವರಿ ನೋಡಿದರಂತೆ. "ಹೋಯ್ತಾ?" ಎಂದು ಮಾವ ಕೇಳಿದ್ದಕ್ಕೆ "ಹ್ಞೂಂ" ಎಂದು ಒಳಗೆ ಹೋದರಂತೆ.

ಅಂದಿನಿಂದ ಬೆಳಿಗ್ಗೆ ಹಳೆ ಸೀರೆಯ ತುಂಡಿನಲ್ಲಿ ಸ್ಕೂಟರ್ ಒರೆಸುವುದು ಅತ್ತೆಯ ದಿನಚರಿಯಾಯಿತು. "ಅವಳಿಗೆ ಸ್ಕೂಟರ್ ಮೇಲೆ ಪ್ರೀತಿ ಬಂದ್ಬಿಟ್ಟಿದೆ ಕಣಮ್ಮ" ಎಂದು ಮಾವ ನನ್ನ ಮುಂದೆ ಬೀಗಿದರು. ಅದರ ಮರುಮಾತಿಗೇ, "ಅದೇ ನಂಗೆ ಭಯ" ಎಂದರು.

ಆಯುಧ ಪೂಜೆ ಬಂತು. ವರ್ಷವಿಡೀ ಉಳಿದ ಗುಟ್ಟು ಆ ದಿನ ಉಳಿಯುವುದು ಹೇಗೆ? ಗಾಡಿ ತೊಳೆಯಬೇಕು, ಅರಿಶಿನ ಕುಂಕುಮ ಹಚ್ಚಬೇಕು, ಹಾರ ಹಾಕಬೇಕು, ಕರ್ಪೂರ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಂದಕ್ಕೆ ಓಡಿಸಬೇಕು. ಎಲ್ಲ ಬಟ್ಟ ಬಯಲಿನ ವ್ಯವಹಾರ! ಮಾವ ನನ್ನನ್ನು ಬೆಳಿಗ್ಗೆಯೇ ಕರೆಸಿಕೊಂಡರು. ನಾನು ಅಂಗಳದಲ್ಲಿ ನಿಂತು ಲೆಕ್ಕ ಹಾಕಿ, "ಪೂಜೆ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಕೊಳಿ ಮಾವ, ಬಿಸಿಲು ನೆತ್ತಿ ಮೇಲಿರ್ತದೆ, ಏನೂ ಕಾಣಲ್ಲ" ಎಂದು ಭರವಸೆ ಕೊಟ್ಟೆ. ಅತ್ತೆ ಒಂದೇ ಮಾತಿನಲ್ಲಿ ನನ್ನ ಗಣಿತವನ್ನು ಮುಗಿಸಿದರು.

"ಹೋಳಿಗೆ ಆಗೋದೇ ಮಧ್ಯಾಹ್ನ. ಪೂಜೆ ಸಂಜೆಗೆ."

ಸಂಜೆಯೆಂದರೆ ಓರೆ ಬಿಸಿಲು. ಮಾವ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಜಗಲಿಯ ಒಳಮೂಲೆಯಲ್ಲಿ, ಕತ್ತಲು ಎನ್ನುವಷ್ಟು ನೆರಳಿನಲ್ಲಿ ನಿಲ್ಲಿಸಿದರು. ಅತ್ತೆ ತಟ್ಟೆ ಹಿಡಿದು ಬಂದು ಏನೂ ಕೇಳದೆ ಅಲ್ಲಿಯೇ ಕೂತರು. ದೀಪದ ಮೇಲೊಂದು ದೊಡ್ಡ ಬೊಟ್ಟು, ಹ್ಯಾಂಡಲಿಗೆ ಎರಡು, ಚಕ್ರಕ್ಕೆ ಎರಡು. ಆಮೇಲೆ ಸೀಟಿನ ಕೆಳಗಿನ ಪಕ್ಕಕ್ಕೆ ಬಂದರು. ಎಡಗೈಯ ಬೆರಳುಗಳಿಂದ ಸವರುತ್ತ, ಬಲಗೈಯಿಂದ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ ಇಡುತ್ತ ಹೋದರು. ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಇನ್ನೂ ಮೇಲೆ. ಗಣಿತದವಳಿಗೆ ಅಂಥದ್ದೆಲ್ಲ ಸಹಿಸಲಾಗುವುದಿಲ್ಲ.

"ಏನತ್ತೆ, ಸಾಲು ಸೊಟ್ಟ ಹೋಯ್ತಲ್ಲ!" ಎಂದೆ.

"ಸುಮ್ನಿರೇ. ಎಲ್ಲೆಲ್ಲಿಡ್ಬೇಕು ಅಂತ ನಂಗೊತ್ತು" ಎಂದು ಇನ್ನೊಂದು ಪಕ್ಕಕ್ಕೆ ಹೋಗಿ ಕೂತರು. ಮಾವ ಕಂಬ ಹಿಡಿದುಕೊಂಡು ನಿಂತಿದ್ದರು.

ಇಟ್ಟು ಮುಗಿದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ನಿಂಬೆಹಣ್ಣು ಜಗಲಿ ಮೇಲೆ ಒಡಿಯಕ್ಕಾಗ್ತದಾ? ಆಚೆ ತನ್ನಿ" ಎಂದರು.

"ಮೋಡ ಬರ್ಲಿ..." ಎಂದರು ಮಾವ. ಜಗತ್ತಿನಲ್ಲಿ ಮೋಡ ಬಂದ ಮೇಲೆ ಆಯುಧ ಪೂಜೆ ಮಾಡೋಣ ಎಂದ ಮನುಷ್ಯ ಬೇರೊಬ್ಬನಿರಲಾರ.

"ತನ್ನಿ ಅಂದ್ರೆ!"

ಮಾವ ನನ್ನ ಮುಖ ನೋಡಿದರು. ನನ್ನ ಬಳಿ ಯಾವ ಸೂತ್ರವೂ ಉಳಿದಿರಲಿಲ್ಲ. ಅವರು ಸ್ಟ್ಯಾಂಡ್ ತೆಗೆದು, ಸ್ಕೂಟರನ್ನು ಮೆಲ್ಲಗೆ, ಮಗುವನ್ನು ಸ್ಕೂಲಿಗೆ ಮೊದಲ ದಿನ ಬಿಡುವವರ ಹಾಗೆ, ಅಂಗಳಕ್ಕೆ ಇಳಿಸಿದರು. ಬಿಸಿಲು ಓರೆಯಾಗಿ ಬಂದು ಅದರ ಪಕ್ಕಕ್ಕೆ ಬಿತ್ತು. ನೀಲಿಯೊಳಗಿನಿಂದ ಜ್ವಾಲೆಗಳು ಒಂದೊಂದಾಗಿ ಎದ್ದವು.

ಒಂದೊಂದು ಜ್ವಾಲೆಯ ತುದಿಯಲ್ಲೂ ಸರಿಯಾಗಿ ಒಂದೊಂದು ಕುಂಕುಮದ ಬೊಟ್ಟಿತ್ತು.

ಒಂದೂ ಆಚೀಚೆ ಆಗಿರಲಿಲ್ಲ. ಚಿಕ್ಕ ಜ್ವಾಲೆಗೆ ಚಿಕ್ಕ ಬೊಟ್ಟು, ದೊಡ್ಡದಕ್ಕೆ ದೊಡ್ಡದು. ಆ ಕತ್ತಲ ಮೂಲೆಯಲ್ಲಿ ಕಣ್ಣಿಗೆ ಕಾಣುವಂತಿರಲಿಲ್ಲ. ಬಣ್ಣದ ಅಂಚನ್ನು ಬೆರಳಲ್ಲೇ ಹುಡುಕಿ ಇಟ್ಟಿದ್ದರು. ತೆಂಗಿನ ನಾರು ಪಕ್ಕಕ್ಕಿಟ್ಟು ಅಂಗೈಯಿಂದ ಸವರಿದ ಆ ಬೆಳಿಗ್ಗೆಯೇ ಅತ್ತೆಗೆ ಎಲ್ಲ ಗೊತ್ತಾಗಿತ್ತು. ಆಮೇಲೆ ದಿನಾ ಹಳೆ ಸೀರೆಯ ತುಂಡಿನಲ್ಲಿ ಒರೆಸಿ ಒರೆಸಿ ಆ ಬೆಂಕಿಯನ್ನು ಅಭ್ಯಾಸ ಮಾಡಿಕೊಂಡಿದ್ದರು.

"ನಿಂಗೆ... ಯಾವಾಗ್..." ಎಂದು ಮಾವ ತೊದಲಿದರು.

"ನನ್ ಕಣ್ಣಿಗೆ ಬೀಳ್ಬಾರ್ದು ಅಂತ ನೀವು ಟವೆಲ್ ಹಿಡ್ಕೊಂಡು ಕುಣಿಯೋದ್ ನೋಡ್ತಿದ್ನಲ್ಲ, ನಾನ್ಯಾಕ್ ಹೇಳ್ಲಿ?" ಎಂದರು ಅತ್ತೆ. ತಟ್ಟೆ ಕೈಗೆತ್ತಿಕೊಳ್ಳುತ್ತ, "ನಂಗೋಸ್ಕರ ಇಷ್ಟು ಸಣ್ಣದಾಗಿ ಉರಿಯೋ ಬೆಂಕಿಗೆ ನಾನ್ಯಾಕೆ ಹೆದರ್ಲಿ?" ಎಂದರು.

ಮಾವ ಕರ್ಪೂರ ಹಚ್ಚಿದರು. ಅತ್ತೆ ಈ ಸಲ ಬೆನ್ನು ತಿರುಗಿಸಲಿಲ್ಲ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡು, ಮಾವನ ಅಂಗಿಯ ತುದಿ ಹಿಡಿದುಕೊಂಡು ನಿಂತರು. ಆರತಿ ಮುಗಿದ ಮೇಲೆ ಕಣ್ಣು ತೆರೆದು, "ಒಂದ್ ರೌಂಡ್ ಹೋಗ್ಬರಾಣ ನಡೀರಿ" ಎಂದು ಹಿಂದೆ ಹತ್ತಿ ಕೂತರು.

ಆ ಸಂಜೆಯಾದರೂ ಮಾವ ಬೆಂಕಿಯ ಹಾಗೆ ನುಗ್ಗಿಯಾರು ಎಂದು ನಾನು ಗೇಟಿನ ಹತ್ತಿರ ನಿಂತು ಕಾದೆ. ನಿಂಬೆಹಣ್ಣು ಒಡೆಯಲು ಅವರ ಸ್ಪೀಡು ಸಾಲಲಿಲ್ಲ, ನಾನೇ ಹಿಂದಿನಿಂದ ತಳ್ಳಿದೆ. ಹಣ್ಣು ಒಡೆದ ಮೇಲೆ ಅವರು ಎಂದಿಗಿಂತಲೂ ನಿಧಾನವಾಗಿ ಹೋದರು. ಪಕ್ಕದಲ್ಲಿ ನಡೆಯುತ್ತ ನಾನು, "ಇವತ್ತಾದ್ರೂ ಸ್ವಲ್ಪ ಜೋರಾಗ್ ಓಡ್ಸಿ ಮಾವ!" ಎಂದೆ.

"ಸುಮ್ನಿರಮ್ಮ" ಎಂದರು ಮಾವ, ಕಣ್ಣು ರಸ್ತೆಯಿಂದ ತೆಗೆಯದೆ. "ಗಾಳಿಗೆ ಕುಂಕುಮ ಉದುರಿ ಹೋದೀತು."